ಅಕ್ಕನ ಕಿಡ್ನಿ, ನನ್ನ ಕಾಲು

ಈ ಸಲ ಮಳೆ ಹಿಡಿದ ಮೊದಲ ವಾರ ಪೋರೂರು ಕೆರೆಯ ಪಕ್ಕದ ರಸ್ತೆಯಲ್ಲಿ ನನ್ನ ಆಟೋ ಸಿಕ್ಕಿಹಾಕಿಕೊಂಡಿತು. ಯಾರೋ ಕಡಿದು ಒಟ್ಟಿದ್ದ ಮರದ ಕೊಂಬೆಗಳು ರಸ್ತೆಯಂಚಿನಲ್ಲಿ ನೆನೆದು ಕೊಳೆಯುತ್ತಿದ್ದವು. ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಆ ವಾಸನೆ. ಆಟೋದವನು ಆರಾಮವಾಗಿ ಫೋನಿನಲ್ಲಿ ಮಾತಾಡುತ್ತಿದ್ದ. ನಾನು ಮಾತ್ರ ಕರ್ಚೀಫಿನಿಂದ ಮೂಗು ಒತ್ತಿ ಹಿಡಿದು ಕುಳಿತಿದ್ದೆ. ನೆಂದ ಮರದ ವಾಸನೆ ಮೂಗಿಗೆ ಬಿದ್ದರೆ ಸಾಕು, ಆ ಒಂದು ಮಳೆಗಾಲ ಪೂರ್ತಿಯಾಗಿ ಎದುರಿಗೆ ಬಂದು ನಿಲ್ಲುತ್ತದೆ.

ನಮ್ಮ ಮನೆತನ ಮದ್ರಾಸಿಗೆ ಬಂದು ಮೂರು ತಲೆಮಾರಾಯಿತು. ಅಪ್ಪ ರೈಲ್ವೆಯಲ್ಲಿ ಗುಮಾಸ್ತರು, ನಾನು ಟಿಕೆಟ್ ಪರೀಕ್ಷಕ. ಮನೆಯಲ್ಲಿ ಆಡುವುದು ಕನ್ನಡವೇ ಆದರೂ ನಾಲ್ಕು ಮಾತಿಗೊಂದು ತಮಿಳು ಬಾರದೆ ಇರುತ್ತಿರಲಿಲ್ಲ. ನಾನು ಕಾಲಿನಿಂದ ದುಡಿದವನು. ಓಡುವ ರೈಲಿನಲ್ಲಿ ಏನನ್ನೂ ಹಿಡಿಯದೆ ನಿಲ್ಲುವುದು, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟುವುದು, ಇಡೀ ರಾಜ್ಯವನ್ನು ನಡೆದೇ ದಾಟಿದ ಹಾಗೆ ಊರು ಸೇರುವುದು, ಇದು ನನ್ನ ಕೆಲಸ. ಮೂತ್ರಪಿಂಡಗಳು ಕೈಕೊಟ್ಟಾಗ ಮೊದಲು ಹೋದದ್ದು ಆ ನಡಿಗೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದು ಮುಗಿಸಿ ಬಂದ ದಿನ ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ಒಂದು ಪ್ರಯಾಣ.

ಹೆಂಡತಿ ವಸುಧಾ ತನ್ನದು ಕೊಡುತ್ತೇನೆ ಅಂದಳು. ಅವಳಿಗೆ ಸಕ್ಕರೆ ಕಾಯಿಲೆ ಇತ್ತು, ಆಗುವುದಿಲ್ಲ ಅಂದರು. ನಮಗೆ ಮಕ್ಕಳಿಲ್ಲ. ಉಳಿದವಳು ಒಬ್ಬಳೇ, ನನ್ನ ಅಕ್ಕ ಪದ್ಮಾವತಿ.

ಪದ್ಮಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನಗೆ ಅನ್ನ ಕಲಸಿ ಹಾಕಿದವಳು, ತಲೆ ಬಾಚಿದವಳು, ಹೊಡೆದವಳು ಎಲ್ಲ ಅವಳೇ. ಭಾವ ತೀರಿಕೊಂಡ ಮೇಲೆ ಮದ್ರಾಸಿನ ಇನ್ನೊಂದು ತುದಿಯ ಶೋಳಿಂಗನಲ್ಲೂರಿನಲ್ಲಿ ಮಗಳು ಸುಮತಿಯ ಮನೆಯಲ್ಲಿದ್ದಳು. ಸುಮತಿ ಮತ್ತು ಅವಳ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗಳನ್ನು ಸಾಕಿದ್ದು ಅಕ್ಕನೇ. ಆ ಕೂಸು ಅವಳ ಪಕ್ಕ ಬಿಟ್ಟು ಬೇರೆ ಕಡೆ ಮಲಗುತ್ತಿರಲಿಲ್ಲ.

ಅಕ್ಕ ಕೊಡುತ್ತೇನೆ ಅಂದ ದಿನ ನಾನೂ ಆ ಮನೆಯಲ್ಲಿದ್ದೆ. ಸುಮತಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. ಅವಳು ಕೂಗಾಡಲಿಲ್ಲ. ಮಗುವಿನ ಬಟ್ಟೆ ಮಡಿಸುತ್ತಲೇ, "ಕೊಡುತ್ತುಟ್ಟು ಇಂಗ ತಿರುಂಬಿ ವರಾದೇ ಅಮ್ಮಾ," ಅಂದಳು. ಕೊಟ್ಟ ಮೇಲೆ ಈ ಮನೆಗೆ ತಿರುಗಿ ಬರಬೇಡ. ನಾಳೆ ನಿನಗೇ ಏನಾದರೂ ಆದರೆ ನೋಡಿಕೊಳ್ಳಲು ನನ್ನಿಂದಾಗುವುದಿಲ್ಲ. ನಿನಗೆ ತಮ್ಮ ಮುಖ್ಯವಾ, ನಾವು ಮುಖ್ಯವಾ, ನೀನೇ ಹೇಳು.

"ಶರಿ, ಬರಲ್ಲ," ಅಂದಳು ಅಕ್ಕ. ಅಷ್ಟೇ.

ಬಾಯಿಮಾತಿಗೆ ಅಂದಿದ್ದಾಳೆ, ಮಗಳಲ್ಲವೇ, ನಾಲ್ಕು ದಿನ ಹೋದರೆ ಸರಿಹೋಗುತ್ತಾಳೆ ಅಂದುಕೊಂಡೆವು. ಸುಮತಿ ಆಸ್ಪತ್ರೆಗೆ ಬರಲಿಲ್ಲ. ಮಗುವನ್ನು ಫೋನಿನಲ್ಲಿ ಮಾತಾಡಿಸಲೂ ಬಿಡಲಿಲ್ಲ.

ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಹೊತ್ತಿಗೆ, ಆಪರೇಷನ್ ಆಯಿತು. ನೋವು ನನಗಿಂತ ಅವಳಿಗೇ ಹೆಚ್ಚು. ನಾನು ಮೂರನೆಯ ದಿನ ಎದ್ದು ಓಡಾಡುತ್ತಿದ್ದಾಗ ಅವಳು ಪಕ್ಕೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ನನ್ನ ಮೂತ್ರದ ಚೀಲ ತುಂಬುತ್ತಿರುವುದನ್ನು ಕಂಡು ಅಲ್ಲಿಂದಲೇ ನಕ್ಕಳು. "ನೋಡು ಡಾ, ನನ್ನದು ಎಷ್ಟು ಜೋರಾಗಿ ಓಡ್ತಾ ಇದೆ!"

ಅಲ್ಲಿಂದ ಅವಳು ನೇರವಾಗಿ ಪೋರೂರಿನ ನಮ್ಮ ಬಾಡಿಗೆ ಮನೆಗೆ ಬಂದಳು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ಕೇಳುತ್ತಿದ್ದಳು, "ನನ್ನದು ಹೇಗಿದೆ?" ನೀನು ಹೇಗಿದ್ದೀಯ ಗುರು ಅಂತ ನನ್ನ ಹೆಸರು ಹಿಡಿದು ಒಂದು ದಿನವೂ ಕೇಳಲಿಲ್ಲ. ಮೊದಮೊದಲು ನಾವು ಮೂವರೂ ಅದಕ್ಕೆ ನಗುತ್ತಿದ್ದೆವು. ಬರಬರುತ್ತ ವಸುಧಾ ನಗುವುದನ್ನು ನಿಲ್ಲಿಸಿದಳು. ನಾನು ಏನು ತಿನ್ನಬೇಕು, ಯಾರ ಮನೆಗೆ ಹೋಗಬಾರದು, ಎಷ್ಟು ಹೊತ್ತಿಗೆ ಮಲಗಬೇಕು, ಎಲ್ಲ ಅಕ್ಕನ ತೀರ್ಮಾನ. ರೈಲಿನ ಕೆಲಸ ಬಿಟ್ಟು ಆಫೀಸಿನ ಕುರ್ಚಿ ಕೇಳಿಕೋ ಅಂದಳು, ಕೇಳಿಕೊಂಡೆ. ಬಂದವರ ಎದುರಿಗೆ ನನ್ನ ಹೊಟ್ಟೆಯ ಬಲಭಾಗವನ್ನು ತಟ್ಟಿ, "ಇಲ್ಲೇ ಇಟ್ಟಿದಾರೆ ನೋಡಿ," ಅನ್ನುತ್ತಿದ್ದಳು.

"ಈ ಮನೇಲಿ ನಾನು ಅಡುಗೆಯವಳು, ನೀವು ಬರೀ ಪಾತ್ರೆ," ಅಂದಳು ವಸುಧಾ ಒಂದು ದಿನ. "ಒಳಗಿರೋದು ಅವರದ್ದು."

ಡಯಾಲಿಸಿಸ್ ಇದ್ದಾಗ ನನಗೆ ಎಲ್ಲಕ್ಕೂ ಅಳತೆ. ಈಗ ಬೇಕಾದಷ್ಟು ನೀರು ಕುಡಿಯಬಹುದಾಗಿತ್ತು, ಮಾವಿನಹಣ್ಣು ತಿನ್ನಬಹುದಾಗಿತ್ತು, ನಡೆಯಬಹುದಾಗಿತ್ತು. ಸಂಜೆ ಹೊತ್ತು ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು ಬರುವಾಗ ಅಕ್ಕನ ಯಾವ ಮಾತೂ ನನಗೆ ದೊಡ್ಡದೆನ್ನಿಸುತ್ತಿರಲಿಲ್ಲ.

ದೀಪಾವಳಿಯ ಐಪ್ಪಸಿ ಬಂತು, ಮಳೆ ಬಂತು. ಆ ವರ್ಷ ಮಳೆ ನಿಂತು ನಿಂತು ಸುರಿಯಿತು. ಬಂಗಾಳಕೊಲ್ಲಿಯಲ್ಲಿ ಏನೋ ಎದ್ದಿದೆ ಅಂತ ಟಿ.ವಿ.ಯಲ್ಲಿ ಹೇಳುತ್ತಲೇ ಇದ್ದರು. ನಮ್ಮದು ನೆಲಮಹಡಿಯ ಮನೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಬೀದಿಯ ನೀರು ಮೆಟ್ಟಿಲು ಹತ್ತುತ್ತಿತ್ತು. ಅಕ್ಕ ಅಕ್ಕಿ, ಬೇಳೆಯ ಡಬ್ಬಗಳನ್ನು ಮೇಲಿನ ಮನೆಗೆ ಸಾಗಿಸಲು ಹೋದಳು. ಹೊಸ್ತಿಲಿಗೆ ಅಡ್ಡ ಇಡೋಣವೆಂದು ನಾನೂ ವಸುಧಾನೂ ಮೆಟ್ಟಿಲ ಕೆಳಗೆ ಬಿದ್ದಿದ್ದ ಹಳೆಯ ಮಂಚದ ಹಲಗೆಯನ್ನು ಎಳೆದೆವು. ವರ್ಷಗಳಿಂದ ನೆನೆದು ಕೊಳೆತು, ಅದೇ ಹುಳಿ ಸಿಹಿ ವಾಸನೆ ಹಿಡಿದಿದ್ದ ಹಲಗೆ. ಎತ್ತಿದ ಕೂಡಲೇ ನಡುವೆ ಮುರಿಯಿತು. ಒಂದು ಸಿಬಿರು ನನ್ನ ಬಲಗಾಲಿನ ಮುಂಗಾಲಿಗೆ, ಮೂಳೆಯ ಪಕ್ಕ ಹೊಕ್ಕಿತು.

ರಕ್ತ ಬಂದದ್ದು ನಾಲ್ಕು ಹನಿ. ಅಕ್ಕ ಇಳಿದು ಬಂದು ನೋಡಿ ಬೈದಳು, ಸಿಬಿರು ಕಿತ್ತಳು, ತೊಳೆದಳು, ಅರಿಶಿನ ಮೆತ್ತಿದಳು. ನೀರು ಇಳಿದ ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗಾಯ ತೋರಿಸಿದಳು. ಅಲ್ಲಿ ಇಂಜೆಕ್ಷನ್ ಕೊಟ್ಟು ಪಟ್ಟಿ ಕಟ್ಟಿ ಕಳಿಸಿದರು. ಗಾಯ ಮಾಯಿತು. ಯಾರೂ ಯಾವ ತಪ್ಪನ್ನೂ ಮಾಡಲಿಲ್ಲ. ಈಗಲೂ ನಾನು ಆ ದಿನಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತೇನೆ, ಬೈಯಲು ಒಬ್ಬರೂ ಸಿಗುವುದಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಮಾಯ್ದ ಗಾಯದ ಕೆಳಗೆ ಕಡಲೆಕಾಳಿನಷ್ಟು ಒಂದು ಗಂಟು. ನೋವಿಲ್ಲ, ತುರಿಕೆಯಿಲ್ಲ. ಬೀದಿಯ ಕ್ಲಿನಿಕ್ಕಿನಲ್ಲಿ ಕುರು ಅಂದರು. ಅದು ನೆಲ್ಲಿಕಾಯಿಯಷ್ಟಾಯಿತು, ಮೇಲಿನ ಚರ್ಮ ಕಂದಿ ಕಪ್ಪಾಯಿತು, ಒಂದು ಬೆಳಿಗ್ಗೆ ಒಡೆದು ಕಂದು ಬಣ್ಣದ ನೀರು ಸೋರಿತು. ಕಿಡ್ನಿ ಡಾಕ್ಟರಮ್ಮ ಅದನ್ನು ನೋಡಿದವರೇ ಮಾತು ನಿಲ್ಲಿಸಿ ಕೈಗವಸು ಹಾಕಿಕೊಂಡರು. ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು.

"ಫಂಗಸ್," ಅಂದರು, ಫಲಿತಾಂಶ ಬಂದ ದಿನ.

"ಬೂಷ್ಟಾ?" ಅಕ್ಕ ನನ್ನನ್ನು ಕೇಳಿದಳು. "ಉಪ್ಪಿನಕಾಯಿಗೆ ಕಟ್ಟತ್ತಲ್ಲ, ಆ ಬೂಷ್ಟಾ?" ನಾನು ಅದನ್ನೇ ತಮಿಳಿನಲ್ಲಿ ಡಾಕ್ಟರಮ್ಮನಿಗೆ ಹೇಳಿದೆ.

ಡಾಕ್ಟರಮ್ಮ ನಗಲಿಲ್ಲ. ಹೆಚ್ಚುಕಡಿಮೆ ಆ ಜಾತಿಯದೇ ಅಂದರು. ಮಣ್ಣಲ್ಲಿ, ಕೊಳೆತ ಮರದಲ್ಲಿ ಇರುತ್ತದೆ. ಅದೇ ಸಿಬಿರು ನಿಮ್ಮ ಕಾಲಿಗೆ ಚುಚ್ಚಿದ್ದರೆ ಏನೂ ಆಗುತ್ತಿರಲಿಲ್ಲ ಅಮ್ಮಾ, ನಿಮ್ಮ ಮೈ ಎರಡು ದಿನದಲ್ಲಿ ಅದನ್ನು ಮುಗಿಸಿಬಿಡುತ್ತಿತ್ತು. ಇವರ ಮೈಗೆ ಆ ಶಕ್ತಿ ಇಲ್ಲ. ನೀವು ಕೊಟ್ಟ ಕಿಡ್ನಿಯನ್ನು ಹೊರಗಿನದೆಂದು ಮೈ ಹೊಡೆಯಬಾರದಲ್ಲ, ಅದಕ್ಕೇ ಮಾತ್ರೆ ಕೊಟ್ಟು ಆ ಶಕ್ತಿಯನ್ನು ನಾವೇ ಕುಗ್ಗಿಸಿದ್ದೇವೆ. ಈಗ ಕಿಡ್ನಿಯನ್ನೂ ಹೊಡೆಯುವುದಿಲ್ಲ, ಇದನ್ನೂ ಹೊಡೆಯುವುದಿಲ್ಲ.

ಅಕ್ಕ ಬಹಳ ಹೊತ್ತು ನನ್ನ ಕಾಲನ್ನೇ ನೋಡುತ್ತಿದ್ದಳು.

ಗಂಟನ್ನು ಕತ್ತರಿಸಿ ತೆಗೆದರು. ಬೂಷ್ಟನ್ನು ಕೊಲ್ಲುವ ಮಾತ್ರೆ ಶುರುವಾಯಿತು. ಆ ಮಾತ್ರೆಗೂ ಕಿಡ್ನಿಯ ಮಾತ್ರೆಗೂ ಹೊಂದುತ್ತಿರಲಿಲ್ಲ. ಇದನ್ನು ನುಂಗಿದರೆ ಅದು ರಕ್ತದಲ್ಲಿ ಏರಿಬಿಡುತ್ತಿತ್ತು, ಕೈ ನಡುಗಿ ಅನ್ನದ ತುತ್ತು ಬಾಯಿಗೆ ಮುಟ್ಟುತ್ತಿರಲಿಲ್ಲ. ಮತ್ತೆ ಮತ್ತೆ ರಕ್ತ ತೆಗೆದು, ಅಳೆದು, ಹೆಚ್ಚು ಕಡಿಮೆ ಮಾಡಿದರು. ಮಾರ್ಗಳಿಯ ಚಳಿಯ ಹೊತ್ತಿಗೆ ಹೊಲಿಗೆಯ ಸುತ್ತ ಹೊಸ ಗಂಟುಗಳು ಎದ್ದವು. ಒಂದರ ಮೇಲೊಂದು, ಮೊಣಕಾಲಿನ ಕಡೆಗೆ ಸಾಲು ಹಿಡಿದು ಹತ್ತುತ್ತಿದ್ದವು.

ಕಾಲು ನಾರತೊಡಗಿತು. ಮೇಲಿನ ಮನೆಯಾಕೆ ಬಾವಿಕಟ್ಟೆಯ ಹತ್ತಿರದ ನಲ್ಲಿಯಲ್ಲಿ ನನ್ನ ಬಟ್ಟೆ ಒಗೆಯಬೇಡಿ ಅಂತ ವಸುಧಾಳಿಗೆ ಹೇಳಿ ಕಳಿಸಿದಳು. ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ ಅಂತ ವಸುಧಾ ಹತ್ತಿ ಹೋಗಿ ಹೇಳಿದಳು. "ತೆರಿಯುಂ ಮಾಮಿ," ಗೊತ್ತು ಅಂದಳಂತೆ ಆಕೆ, "ಆದರೂ ಬೇಡ." ಆಫೀಸಿನಲ್ಲಿ ನನ್ನ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದರು, ಗಾಳಿ ಚೆನ್ನಾಗಿ ಬರುತ್ತದೆ ಅಂದರು. ಎರಡು ದಿನ ಹೋಗಿ ಮೂರನೆಯ ದಿನದಿಂದ ರಜೆ ಹಾಕಿದೆ.

ಅಕ್ಕ ಒಬ್ಬಳು ಮಾತ್ರ ಹೇಸಲಿಲ್ಲ. ವಸುಧಾ ಪಟ್ಟಿ ಬಿಚ್ಚಿದರೆ ಉಸಿರು ಬಿಗಿಹಿಡಿಯುತ್ತಿದ್ದಳು, ಅದು ಅವಳ ಕೈಮೀರಿದ್ದು. ಅಕ್ಕ ನೆಲದ ಮೇಲೆ ಕುಳಿತು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕೀವನ್ನು ಒರೆಸಿ, ಔಷಧ ಹಚ್ಚಿ, ಮಗುವಿಗೆ ಬಟ್ಟೆ ಸುತ್ತುವ ಹಾಗೆ ಪಟ್ಟಿ ಸುತ್ತುತ್ತಿದ್ದಳು. ಸುತ್ತುತ್ತಲೇ ಬೈಯುತ್ತಿದ್ದಳು. ನನ್ನನ್ನಲ್ಲ, ಕಾಲನ್ನು. "ಹಾಳು ಕಾಲು. ನನ್ನದಕ್ಕೆ ಯಮನಾಗಿ ಬಂದಿದೆ."

ಸಂಕ್ರಾಂತಿಗೆ ತೈ ತಿಂಗಳು ಹುಟ್ಟುವ ಮುನ್ನ ನನ್ನನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು. ಇನ್ನು ಉಳಿದಿರುವ ದಾರಿ ಕಿಡ್ನಿಯ ಮಾತ್ರೆಗಳನ್ನು ಇಳಿಸುವುದು. ಮೈಗೆ ಅದರ ಶಕ್ತಿ ಸ್ವಲ್ಪ ವಾಪಸು ಬಂದರೆ ಫಂಗಸ್ ಹಿಮ್ಮೆಟ್ಟುತ್ತದೆ. ಆದರೆ ಅದೇ ಶಕ್ತಿ ಕಿಡ್ನಿಯ ಮೇಲೂ ತಿರುಗಬಹುದು. ಇಳಿಸದಿದ್ದರೆ ಇದು ಮೂಳೆಗೆ ಹೋಗುತ್ತದೆ, ರಕ್ತಕ್ಕೆ ಹೋಗುತ್ತದೆ, ಆಮೇಲೆ ಪ್ರಾಣದ ಮಾತು. ಯೋಚಿಸಿ ಹೇಳಿ.

ಅಕ್ಕ ಅಲ್ಲಿ ಏನೂ ಕೇಳಲಿಲ್ಲ. ಹೊರಗೆ ಬಂದು, ಕಾಲಿನ ಆಪರೇಷನ್ ಮಾಡಿದ್ದ ಸರ್ಜನ್ನನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ ಕೇಳಿದಳಂತೆ, ಕಾಲನ್ನೇ ತೆಗೆದುಬಿಟ್ಟರೆ? ಮೊಣಕಾಲಿನ ಕೆಳಗೆ ತೆಗೆದರೆ ರೋಗ ಅಲ್ಲಿಗೇ ಮುಗಿಯಬಹುದು, ಆದರೆ ಖಾತ್ರಿಯಿಲ್ಲ, ಈಗಲೇ ನಾವಾಗಿ ಅದನ್ನು ಹೇಳುವುದಿಲ್ಲ ಅಂದರಂತೆ ಆತ. ಅಕ್ಕನ ಕಿವಿಗೆ ಬಿದ್ದದ್ದು ಅದರ ಅರ್ಧ.

ನನ್ನ ಹಾಸಿಗೆಯ ಹತ್ತಿರ ಬಂದು ಸ್ಟೂಲಿನ ಮೇಲೆ ಕುಳಿತಳು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಗೆಲುವಿತ್ತು.

"ಕಾಲು ತೆಗೆಸಿಬಿಡು ಗುರು."

ನನಗೆ ತಪ್ಪಾಗಿ ಕೇಳಿಸಿತು ಅಂದುಕೊಂಡೆ.

"ಈಗ ಒಳ್ಳೊಳ್ಳೆ ಕಾಲು ಮಾಡ್ತಾರೆ ಡಾ. ಪ್ಯಾಂಟು ಹಾಕಿಕೊಂಡರೆ ಯಾರಿಗೂ ಗೊತ್ತೇ ಆಗಲ್ಲ. ಕಿಡ್ನಿ ಮಾಡ್ತಾರಾ, ಹೇಳು?"

"ಪದ್ಮಕ್ಕ, ಏನು ಮಾತು ಅಂತ ಆಡ್ತಾ ಇದೀರಿ?" ವಸುಧಾ ಎದ್ದು ನಿಂತಳು. "ಕಾಲು ಅವರದ್ದು. ತೆಗೀಬೇಕಾ ಬೇಡವಾ ಅಂತ ನೀವು ಹೇಳೋದಲ್ಲ."

"ಕಿಡ್ನಿ ನನ್ನದು."

"ಕೊಟ್ಟಾಯ್ತಲ್ಲ. ಕೊಟ್ಟ ಮೇಲೆ ನಿಮ್ಮದು ಹೇಗಾಗತ್ತೆ?"

ಅಕ್ಕ ಅವಳ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಕೊಡೋದು ಅಂದರೆ ಏನು ಅಂತ ನಿನಗೆ ಏನು ಗೊತ್ತು ವಸುಧಾ? ಇವನಿಗೆ ಒಂದು ಮಗು ಕೊಡೋಕೆ ನಿನ್ನ ಕೈಲಿ ಆಗಲಿಲ್ಲ. ಕಿಡ್ನಿನೂ ಆಗಲಿಲ್ಲ."

ಪಕ್ಕದ ಹಾಸಿಗೆಯವರಿಗೆ ಕನ್ನಡ ಬಾರದು. ಆದರೂ ಅವರು ತಟ್ಟೆಯಿಂದ ತಲೆ ಎತ್ತಿ ನೋಡಿದರು. ವಸುಧಾ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

"ಅಕ್ಕ, ನನಗೆ ನಡೀಬೇಕು," ಅಂದೆ. ಅದಕ್ಕಿಂತ ದೊಡ್ಡ ಮಾತು ಯಾವುದೂ ಬಾಯಿಗೆ ಬರಲಿಲ್ಲ.

"ನಡೆದು ಎಲ್ಲಿಗೆ ಹೋಗ್ತೀಯ? ಡಯಾಲಿಸಿಸ್‌ಗಾ?"

ನಾನು ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡೆ.

"ನಾನು ಏನು ಬಿಟ್ಟು ಬಂದೆ ಅಂತ ಗೊತ್ತಲ್ಲ ನಿನಗೆ?" ಅಂದಳು ಅಕ್ಕ. "ಆ ಕೂಸು ನನ್ನ ಪಕ್ಕ ಇಲ್ಲದೆ ಮಲಗ್ತಿರಲಿಲ್ಲ ಡಾ. ಈಗ ಮಲಗತ್ತೆ. ನನ್ನ ಮರೆತೇ ಹೋಗಿರತ್ತೆ. ಇದೊಂದು ಓಡ್ತಾ ಇದ್ದರೆ ಅದಕ್ಕೆಲ್ಲ ಒಂದು ಅರ್ಥ ಇರತ್ತೆ. ಕಾಲು ಕೇಳಿದೆ, ಪ್ರಾಣ ಕೇಳಲಿಲ್ಲ ನಾನು."

ಇಡೀ ದಿನ ಯೋಚಿಸಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಅವಳು ಎದ್ದು ಹೋಗುವ ಮೊದಲೇ ನನ್ನ ಮನಸ್ಸು ನಿರ್ಧಾರ ಮಾಡಿಯಾಗಿತ್ತು. ಸಂಜೆ ಡಾಕ್ಟರಮ್ಮ ಬಂದಾಗ ಮಾತ್ರೆ ಇಳಿಸಿ ಅಂದೆ.

ಇಳಿಸಿದರು. ಎರಡು ವಾರದಲ್ಲಿ ಮೇಲಿನ ಗಂಟುಗಳು ಬಾಡಿದವು, ಸೋರುವುದು ನಿಂತಿತು. ಮನೆಗೆ ಕಳಿಸಿದರು. ವಾರಕ್ಕೆರಡು ಸಲ ರಕ್ತಪರೀಕ್ಷೆ. ಮೊದಲ ಸಲ ಕಿಡ್ನಿ ಸರಿಯಾಗಿತ್ತು. ಎರಡನೆಯ ಸಲ ಸ್ವಲ್ಪ ಏರುಪೇರು. ಅದಾದ ಮೇಲೆ ಪ್ರತಿ ಸಲವೂ ಇನ್ನಷ್ಟು. ಅಕ್ಕ ಬೆಳಿಗ್ಗೆ ಕಾಫಿ ತಂದಿಟ್ಟು ಏನೂ ಕೇಳದೆ ಹೋಗುತ್ತಿದ್ದಳು. ಪಟ್ಟಿ ಕಟ್ಟುವುದನ್ನು ಮಾತ್ರ ಬಿಡಲಿಲ್ಲ. ಗಾಯ ಕೆಂಪಗೆ, ಶುಭ್ರವಾಗಿ ಮಾಯುತ್ತಿತ್ತು. ಅವಳು ಅದನ್ನು ಒರೆಸುವಾಗ ಅವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಒಂದು ಬೆಳಿಗ್ಗೆ ಮುಖ ಊದಿತ್ತು. ಮೂತ್ರ ಕಟ್ಟಿತ್ತು. ಆಸ್ಪತ್ರೆಯಲ್ಲಿ ಕಿಡ್ನಿಯ ಮಾತ್ರೆ ಮತ್ತೆ ಏರಿಸಿ ನೋಡಿದರು, ಇಂಜೆಕ್ಷನ್ ಕೊಟ್ಟರು. ಜ್ವರ ಬಂತು, ಕಾಲು ಮತ್ತೆ ಕೆಂಪಾಯಿತು, ಹೆದರಿ ನಿಲ್ಲಿಸಿದರು. ಕಿಡ್ನಿ ಹೋಯಿತು.

ಡಾಕ್ಟರಮ್ಮ ಅದನ್ನು ಅಕ್ಕನಿಗೇ ನೇರವಾಗಿ, ಕೈ ಹಿಡಿದುಕೊಂಡು ಹೇಳಿದರು. ಅಕ್ಕ ಕೈ ಬಿಡಿಸಿಕೊಂಡಳು. ತಮಿಳಿನಲ್ಲೇ ಕೇಳಿದಳು, "ಈಗ ಅದನ್ನ ತೆಗೀತೀರಾ?"

ಇಲ್ಲ ಅಮ್ಮಾ, ತೊಂದರೆ ಕೊಡದಿದ್ದರೆ ಅಲ್ಲೇ ಬಿಡುತ್ತೇವೆ.

"ಸತ್ತದ್ದನ್ನ ಒಳಗೇ ಬಿಡ್ತೀರಾ?"

ಮೆಲ್ಲಗೆ ಒಣಗಿಹೋಗುತ್ತದೆ ಅಮ್ಮಾ.

"ತೆಗೆದರೆ ನನಗೆ ಕೊಡ್ತೀರಾ?"

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ಮನೆಗೆ ಹೋದವಳೇ ಅಕ್ಕ ಹಿತ್ತಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳಂತೆ. ಮನೆಯವರು ಸತ್ತ ಸುದ್ದಿ ಬಂದರೆ ಮಾಡುವ ಸ್ನಾನ. ಇದನ್ನು ನನಗೆ ಹೇಳಿದ್ದು ವಸುಧಾ. ಹೇಳುವಾಗ ಅವಳು ಅಳುತ್ತಿದ್ದಳು, ಆ ಆಸ್ಪತ್ರೆಯ ಮಾತು ಮರೆತಿರಲಿಲ್ಲ, ಆದರೂ ಅಳುತ್ತಿದ್ದಳು.

ಕಿಡ್ನಿಯೇ ಇಲ್ಲದ ಮೇಲೆ ಅದರ ಮಾತ್ರೆ ಯಾಕೆ? ಒಂದೊಂದಾಗಿ ಎಲ್ಲ ನಿಲ್ಲಿಸಿದರು. ನನ್ನ ಮೈಗೆ ಅದರ ಶಕ್ತಿ ಪೂರ್ತಿ ವಾಪಸು ಬಂತು. ಪಂಗುನಿಯ ಬಿಸಿಲು ಹತ್ತುವ ಹೊತ್ತಿಗೆ ಕಾಲು ಸಂಪೂರ್ಣ ವಾಸಿಯಾಗಿತ್ತು. ಮುಂಗಾಲಿನ ಮೇಲೆ ಸುಕ್ಕುಗಟ್ಟಿದ ಕಪ್ಪು ಚರ್ಮ, ಅಲ್ಲಲ್ಲಿ ಗುಳಿ. ಅಷ್ಟೇ. ನಡೆದರೆ ನೋವಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಆ ಕಾಲಿನಲ್ಲೇ ನಡೆದು ಹೋಗುತ್ತಿದ್ದೆ.

ನಾನು ಮನೆಯೊಳಗೆ ಓಡಾಡಿದರೆ ಅಕ್ಕ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು. ಅವಳು ಹೋಗಲು ಬೇರೆ ಮನೆ ಇರಲಿಲ್ಲ. ಬೇಸಿಗೆ ಪೂರ್ತಿ ಹಾಗೇ ಕಳೆಯಿತು. ಒಂದು ಮಧ್ಯಾಹ್ನ ಫೋನಿನಲ್ಲಿ ಮಗಳೊಂದಿಗೆ ಮಾತಾಡುತ್ತಿದ್ದುದು ಕೇಳಿಸಿತು. "ಬರಲಾ ಸುಮತಿ?" ಅಂದಳು. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಅಪ್ಪವೇ ಸೊನ್ನೇನ್ ಇಲ್ಲೆ?" ಆಗಲೇ ಹೇಳಿರಲಿಲ್ಲವೇ?

"ಆಮಾಂ, ಹೌದು, ನೀನು ಹೇಳಿದ್ದೆ," ಅಂದಳು ಅಕ್ಕ.

ಆದರೆ ಸುಮತಿಯ ಮನೆಯ ಅಡುಗೆಯವಳು ಕೆಲಸ ಬಿಟ್ಟುಹೋದಳಂತೆ. ಆ ವಾರವೇ ಸುಮತಿ ಕ್ಯಾಬ್ ಮಾಡಿಕೊಂಡು ಬಂದು ಬೀದಿಯಲ್ಲೇ ನಿಂತು ಹಾರ್ನ್ ಹೊಡೆಸಿದಳು. ಅಕ್ಕ ವಸುಧಾಳ ಗಲ್ಲ ಮುಟ್ಟಿ, "ಏನೇನೋ ಅಂದುಬಿಟ್ಟೆ, ಮನಸ್ಸಲ್ಲಿ ಇಟ್ಟುಕೋಬೇಡಮ್ಮ," ಅಂದಳು. ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ದಾಟಿಕೊಂಡು ಹೋದಳು.

ಆಮೇಲೆ ಹಬ್ಬಗಳಲ್ಲಿ ವಸುಧಾಳಿಗೆ ಫೋನ್ ಮಾಡುತ್ತಾಳೆ. ನನ್ನ ಮಾತು ಎತ್ತುವುದಿಲ್ಲ.

ಈ ಸಲದ ಮಳೆಗೆ ಕೆರೆಯ ರಸ್ತೆಯಲ್ಲಿ ಆ ವಾಸನೆ ಮೂಗಿಗೆ ಬಿದ್ದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಡಯಾಲಿಸಿಸ್ ಇಲ್ಲದ ದಿನ ನೋಡಿ, ವಸುಧಾಳಿಗೂ ಹೇಳದೆ ಶೋಳಿಂಗನಲ್ಲೂರಿನ ಬಸ್ ಹತ್ತಿದೆ. ಸುಮತಿಯ ಫ್ಲಾಟಿನಲ್ಲಿ ಲಿಫ್ಟ್ ಕೆಟ್ಟಿತ್ತು. ಹತ್ತಿ ಹೋಗಿ ಗಂಟೆ ಒತ್ತಿದೆ.

ಬಾಗಿಲು ತೆರೆದದ್ದು ಅಕ್ಕನೇ. ಕೈಗೆ ಹಿಟ್ಟು ಮೆತ್ತಿತ್ತು. ಬಡವಾಗಿದ್ದಳು. ಒಳಗೆ ಬಾ ಅನ್ನಲಿಲ್ಲ.

"ಲಿಫ್ಟ್ ಓಡ್ತಾ ಇಲ್ಲವಲ್ಲ," ಅಂದಳು. "ಹತ್ತಿಕೊಂಡು ಬಂದಿಯಾ?"

"ಹೂಂ."

"ನಾಲ್ಕು ಮಾಳಿಗೆ."

"ಹೂಂ ಅಕ್ಕ."

ಅವಳು ನನ್ನ ಮುಖ ನೋಡುತ್ತಿರಲಿಲ್ಲ. "ಒಳ್ಳೆ ಕಾಲು," ಅಂದಳು.

ಹಾಗೆಂದವಳೇ ಒಳಗೆ ಹೋದಳು. ಬಾಗಿಲು ಹಾಕಿರಲಿಲ್ಲವಾದ್ದರಿಂದ ಅಲ್ಲೇ ನಿಂತೆ. ಸ್ಟೀಲಿನ ಲೋಟದಲ್ಲಿ ನೀರು ತಂದಳು. ಡಯಾಲಿಸಿಸ್‌ನವರು ಅಳತೆ ಮೀರಿ ಕುಡಿದರೆ ನೀರು ಎದೆಯಲ್ಲಿ ಕಟ್ಟಿಕೊಳ್ಳುತ್ತದೆ. ಲೋಟದಲ್ಲಿ ಅರ್ಧ ಮಾತ್ರ ಇತ್ತು. ಬೆವರು ಸುರಿಯುತ್ತಿದ್ದ ನನಗೆ ಅದು ಎರಡು ಗುಟುಕು. ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿದ್ದಳು. ಆಮೇಲೆ ಕೈ ಚಾಚಿ ಲೋಟ ಇಸಿದುಕೊಂಡು ಬಾಗಿಲು ಹಾಕಿಕೊಂಡಳು.

ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿದ ಮೇಲೆ ಇಳಿಯತೊಡಗಿದೆ. ಕೆಳಗೆ ಸೇರುವವರೆಗೂ ಎಲ್ಲಿಯೂ ಕೂರಬೇಕು ಅನ್ನಿಸಲಿಲ್ಲ. ಕಾಲು ಗಟ್ಟಿಯಾಗಿಯೇ ಇತ್ತು.